ಇಸ್ತ್ರಿ ಮಾಡಿದ ದನಿ

ಫೆಬ್ರವರಿ ೩

ಮಗಳೇ,

ಕ್ಷೇಮ ಅಂತ ಶುರು ಮಾಡೋದು ವಾಡಿಕೆ. ಇಲ್ಲಿ ಕ್ಷೇಮವಿಲ್ಲ. ಆಶೀರ್ವಾದವನ್ನೂ ಈ ಸಲ ತಡೆಹಿಡಿದಿದ್ದೀನಿ.

ನನ್ನ ಹಾಡನ್ನ ನೀನು ತಿದ್ದಿ ಕಳಿಸಿದ್ದು ನಿನ್ನೆ ಕೇಳಿದೆ. ನಿಮ್ಮಪ್ಪ ತಮ್ಮ ಫೋನನ್ನ ಊಟದ ಮೇಜಿನ ಮೇಲಿಟ್ಟು, ದೊಡ್ಡ ಉಪಕಾರ ಮಾಡೋರ ಹಾಗೆ ಗುಂಡಿ ಒತ್ತಿದರು. ಯಾರೋ ಹಾಡ್ತಿದ್ದಾರೆ, ಚೆನ್ನಾಗೇ ಹಾಡ್ತಿದ್ದಾರೆ, ಆದರೆ ಅದು ನಾನಲ್ಲ ಅನ್ನಿಸ್ತು. ಎರಡನೇ ಸಲ ಕೇಳಿದಾಗ ಮೈಯೆಲ್ಲ ಉರಿದುಹೋಯ್ತು. ಬಾಯಿಬಿಟ್ಟು ಬೈಯೋ ಹಾಗಿಲ್ಲವಲ್ಲ. ನಿನ್ನ ಸ್ಟುಡಿಯೋದಿಂದ ವಾಪಸ್ ಬಂದ ಮಾರನೇ ದಿನವೇ ಡಾಕ್ಟರು ಬಾಯಿಗೆ ಬೀಗ ಹಾಕಿದರು, ಮೂರು ವಾರ ಆಯ್ತು. ಗಂಟಲಿನ ಒಳಗೆ ರಕ್ತನಾಳ ಒಡೆದಿದೆ, ಪಿಸುಮಾತೂ ಆಡಕೂಡದು ಅಂದಿದ್ದಾರೆ. ಸ್ಲೇಟಿನ ಮೇಲೆ ಬರೆದು ತೋರಿಸಿದರೆ ನಿಮ್ಮಪ್ಪ ಕನ್ನಡಕ ಹುಡುಕ್ತಾರೆ. ಬೇಕಾದಾಗ ಕಳೆದುಹೋಗೋ ಕನ್ನಡಕ ಅದು. ಫೋನಿನಲ್ಲಿ ಬೆರಳಿಂದ ಕುಟ್ಟಿ ಬೈಯೋಣ ಅಂದರೆ ನನ್ನ ಕೋಪ ಆ ಪರದೇಲಿ ಹಿಡಿಸಲ್ಲ. ಅದಕ್ಕೇ ಕಾಗದ ಬರೀತಿದ್ದೀನಿ.

ಈಗ ಕೇಳು. ಹಾಡಿನ ಮೊದಲ ಚರಣದಲ್ಲಿ ಆ ಹೆಂಗಸು ಬಾಗಿಲ ಒಳಗೆ ನಿಂತು ತನಗೆ ತಾನೇ ಹೇಳಿಕೊಂಡ ಹಾಗೆ ಮಾತಾಡ್ತಾಳೆ. ಕೊನೇ ಚರಣಕ್ಕೆ ಬೀದಿಗೆ ಬಂದು ಕೂಗ್ತಾಳೆ. ನಾನು ಹಾಗೇ ಹಾಡಿದೆ. ನೀನು ಏನು ಮಾಡಿದ್ದೀಯ? ಒಳಗೆ ನಿಂತವಳನ್ನ ಎಳೆದು ಹೊಸಿಲಿಗೆ ತಂದಿದ್ದೀಯ. ಬೀದಿಗೆ ಬಂದವಳನ್ನ ರೆಟ್ಟೆ ಹಿಡಿದು ಹೊಸಿಲಿಗೇ ವಾಪಸ್ ತಂದಿದ್ದೀಯ. ಹಾಡು ಪೂರ್ತಿ ಅವಳು ಹೊಸಿಲ ಮೇಲೇ ನಿಂತಿದ್ದಾಳೆ. ಇಸ್ತ್ರಿ ಮಾಡಿದ ಬಟ್ಟೆ ಥರ ಇದೆ, ಎಲ್ಲೂ ಒಂದು ಸುಕ್ಕಿಲ್ಲ.

ಮೂವತ್ತೊಂದು ವರ್ಷ ನಾನು ಕೋರಸ್ಸಿನಲ್ಲಿ ಹಾಡಿದೋಳು. ಎದ್ದು ಕೇಳಿಸಕೂಡದು ಅನ್ನೋದೇ ನಮ್ಮ ಕಸುಬು. ಎಂಟು ಜನ ಹೆಂಗಸರು ಹಾಡಿದರೆ ಒಂದೇ ಹೆಂಗಸು ಹಾಡಿದ ಹಾಗಿರಬೇಕು, ಆ ಒಬ್ಬಳೂ ಯಾರು ಅಂತ ಯಾರಿಗೂ ಗೊತ್ತಾಗಬಾರದು. ಐವತ್ತೆಂಟನೇ ವಯಸ್ಸಿಗೆ ಮೊದಲ ಸಲ ಮೈಕಿನ ಮುಂದೆ ಒಬ್ಬಳೇ ನಿಂತೆ. ಕೊನೇ ಚರಣದ ಆ ಕೂಗಿಗೆ ನನ್ನ ಗಂಟಲೇ ಹೋಯ್ತು. ನೀನು ಅದನ್ನ ತಟ್ಟಿ ಮಲಗಿಸಿಬಿಟ್ಟಿದ್ದೀಯ. ಬೇರೆ ಯಾರಾದರೂ ಮಾಡಿದ್ದರೆ ಕಸುಬು ಗೊತ್ತಿಲ್ಲ ಅಂತ ಸುಮ್ಮನಾಗ್ತಿದ್ದೆ. ಹೊಟ್ಟೇಲಿ ಹುಟ್ಟಿದೋಳು ನೀನು.

ನಾನು ಒಪ್ಪದೆ ಈ ಹಾಡು ಹೊರಗೆ ಹೋಗಲ್ಲ ಅಂತ ಸಂಗೀತ ನಿರ್ದೇಶಕರು ಮಾತು ಕೊಟ್ಟಿದ್ದಾರೆ. ನಾನು ಒಪ್ಪಲ್ಲ. ತಿರುಗಿ ಮಾಡು.

ನೀನು ಕಳಿಸಿದ ಹಾಡಲ್ಲಿ ಇಲ್ಲದ,
ಅಮ್ಮ


ಫೆಬ್ರವರಿ ೧೨

ಅಮ್ಮಾ,

ಬೈಗುಳ ತಲುಪಿತು. ಅಕ್ಷರ ಮಾತ್ರ ಯಾವತ್ತಿನ ಹಾಗೆ ದುಂಡಗಿದೆ.

ಅಪ್ಪ ಫೋನ್ ಮಾಡಿದ್ದರು. ನಿನ್ನ ದನಿಗೆ ಕಂಪ್ರೆಸರ್ ಹಾಕಿದ್ದೀನಿ ಅಂದಿದ್ದಕ್ಕೆ, "ಕಂಪ್ರೆಸರ್ ಅಂದರೆ ಫ್ರಿಜ್ಜಿನಲ್ಲಿ ಇರುತ್ತಲ್ಲ ಅದಾ? ಅದನ್ನ ಇವಳ ಗಂಟಲಿಗೆ ಯಾಕೆ ಹಾಕಿದೆ?" ಅಂತ ಕೇಳಿದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಇಬ್ಬರಿಗೂ ಒಟ್ಟಿಗೇ ಹೇಳ್ತೀನಿ, ಓದಿ ಹೇಳು ಅವರಿಗೆ. ಓದಿ ಹೇಳೋ ಹಾಗಿಲ್ಲ ಅಲ್ಲವಾ, ಅವರ ಕೈಗೇ ಕೊಡು.

ಒಂದು ಗೆರೆ ಇಡ್ತೀವಿ. ದನಿ ಆ ಗೆರೆ ದಾಟಿದರೆ ಕಂಪ್ರೆಸರ್ ಅದನ್ನ ಕೆಳಕ್ಕೆ ಒತ್ತುತ್ತೆ. ನಾಲ್ಕು ಪಾಲು ಮೇಲೆ ಹೋಗೋಕೆ ನೋಡಿದರೆ ಒಂದು ಪಾಲು ಮಾತ್ರ ಬಿಡುತ್ತೆ. ಆಮೇಲೆ ಒಟ್ಟು ದನಿಯನ್ನ ಮೇಲಕ್ಕೆತ್ತುತ್ತೀವಿ. ಆಗ ಮೆಲ್ಲಗೆ ಇದ್ದದ್ದೂ ಮುಂದಕ್ಕೆ ಬರುತ್ತೆ. ಇದು ನಾನು ನಿನ್ನ ಮೇಲೆ ಸಾಧಿಸಿದ ಹಗೆಯಲ್ಲ. ಇದನ್ನ ಹಾಕದೆ ಹಾಡನ್ನ ಹೊರಗೆ ಬಿಡೋರನ್ನ ನಾನು ಇನ್ನೂ ನೋಡಿಲ್ಲ.

ಯಾಕೆ ಅಂದರೆ, ಜನ ಹಾಡನ್ನ ನಮ್ಮ ಸ್ಟುಡಿಯೋದ ಸ್ಪಂಜಿನ ಗೋಡೆ ಮಧ್ಯೆ ಕೂತು ಕೇಳಲ್ಲ. ಬಸ್ಸಿನಲ್ಲಿ ನಿಂತುಕೊಂಡು ಕೇಳ್ತಾರೆ. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೀತಾ ಕೇಳ್ತಾರೆ. ನಿನ್ನ ಮೊದಲ ಚರಣ ಆ ನಲ್ಲಿ ನೀರಲ್ಲಿ ಕೊಚ್ಚಿಕೊಂಡು ಹೋಗುತ್ತೆ. ಕೇಳಿಸಲಿಲ್ಲ ಅಂತ ಸೌಂಡ್ ಜಾಸ್ತಿ ಮಾಡ್ತಾರೆ. ಅಷ್ಟರಲ್ಲಿ ನೀನು ಬೀದಿಗೆ ಬಂದು ಕೂಗ್ತೀಯ, ಬೆಚ್ಚಿಬಿದ್ದು ಆಫ್ ಮಾಡ್ತಾರೆ. ನಿನ್ನನ್ನ ಕೊನೇತನಕ ಕೇಳಲಿ ಅಂತ ನಾನು ಎಂಟು ದಿನ ಕೂತು ಮಾಡಿದ್ದು ಅದು. ಒಂದು ಥ್ಯಾಂಕ್ಸ್ ಬೇಡ, ಹೊಟ್ಟೇಲಿ ಹುಟ್ಟಿದ್ದನ್ನ ಎತ್ತಿ ಆಡಬೇಡ.

ಎದ್ದು ಕೇಳಿಸಕೂಡದು ಅನ್ನೋದು ನಿನ್ನ ಕಸುಬು ಅಂದೆಯಲ್ಲ, ನನಗೆ ಗೊತ್ತಿಲ್ಲವಾ? ಎತ್ತರದ ಸ್ವರ ಬಂದ ಕೂಡಲೇ ಅರ್ಧ ಹೆಜ್ಜೆ ಹಿಂದೆ ಸರೀತೀಯ. ಕೋರಸ್ಸಿನೋರ ಚಾಳಿ. ಎಲ್ಲಿ ದನಿ ಬೇಕೋ ಅಲ್ಲೇ ಮೈಕು ಬಿಟ್ಟು ಓಡ್ತೀಯ. ನನಗೆ ಹತ್ತು ವರ್ಷ ಇದ್ದಾಗ ಮಕ್ಕಳ ಕೋರಸ್ಸಿಗೆ ಕರೆದುಕೊಂಡು ಹೋಗ್ತಿದ್ದೆ, ನೆನಪಿದೆಯಾ? ನನ್ನ ದನಿ ಸ್ವಲ್ಪ ಮೇಲೆದ್ದರೆ ಹಿಂದಿನಿಂದ ಭುಜ ಅದುಮ್ತಿದ್ದೆ. ನನಗೆ ಮೊದಲು ಸಿಕ್ಕಿದ ಕಂಪ್ರೆಸರ್ ನೀನೇ.

ಏಪ್ರಿಲ್ ಹತ್ತರ ಒಳಗೆ ಹಾಡು ಕೊಡಬೇಕು. ಕೊಡದಿದ್ದರೆ ನಿರ್ದೇಶಕರು ಬೇರೆ ಗಾಯಕಿ ಹತ್ತಿರ ಹಾಡಿಸ್ತಾರೆ. "ನಿಮ್ಮಮ್ಮನ ದನಿ ಹಾಳು ಮಾಡಲ್ಲ, ಹಿಂದೆ ಕೋರಸ್ಸಿಗೆ ಇಟ್ಕೋತೀನಿ" ಅಂದರು. ಅದು ಬೇಕಾ ನಿನಗೆ?

ನಿನ್ನದೇ ಮೊಂಡು ರಕ್ತದ,
ಮಗಳು


ಫೆಬ್ರವರಿ ೨೦

ಮೊಂಡಿ,

ಕೋರಸ್ಸಿಗೆ ಇಟ್ಕೋತಾರಂತೆ. ಹೇಳು ಅವರಿಗೆ, ನನ್ನ ದನಿ ಉಪ್ಪಿನಕಾಯಿಯಲ್ಲ, ಊಟದ ಪಕ್ಕಕ್ಕೆ ಇಟ್ಟುಕೊಳ್ಳೋಕೆ.

ಭುಜ ಅದುಮಿದ್ದು ನಿಜ. ಅದುಮದೆ ಇದ್ದಿದ್ದರೆ ಮಾರನೇ ದಿನ ನಿನ್ನನ್ನ ಕರೀತಿರಲಿಲ್ಲ. ಅದಿರಲಿ, ಅದರ ಲೆಕ್ಕ ಇನ್ನೊಂದು ಸಲ.

ನಾನು ಈ ಸಲ ಪಕ್ಕದ ಮನೆ ಟೀಚರ್ ಹತ್ತಿರ ದೊಡ್ಡ ಹೆಡ್‌ಫೋನ್ ಇಸ್ಕೊಂಡು ಬಂದು ಕೇಳಿದೆ. ಮಾತಿಲ್ಲದೆ ಇಸ್ಕೊಂಡು ಬರೋ ಕಷ್ಟ ನಿನಗೆ ಗೊತ್ತಿಲ್ಲ, ಕಿವಿ ಮೇಲೆ ಎರಡು ಕೈ ಇಟ್ಟು ತೋರಿಸಿದ್ದಕ್ಕೆ ಆಕೆ ಕಿವಿನೋವಿನ ಔಷಧಿ ತಂದುಕೊಟ್ಟಳು. ಕೇಳುವಾಗ ಹಾಡಿನ ಹಾಳೆ ಮುಂದೆ ಇಟ್ಟುಕೊಂಡಿದ್ದೆ. ಎಲ್ಲೆಲ್ಲಿ ಉಸಿರು ತಗೋಬೇಕು ಅಂತ ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳೋದು ನಮ್ಮ ಅಭ್ಯಾಸ. ಎಂಟು ಜನ ಒಟ್ಟಿಗೆ ಉಸಿರೆಳೆದರೆ ಹಾಡು ಕುಸಿದು ಬೀಳುತ್ತೆ, ಅದಕ್ಕೇ ಒಬ್ಬೊಬ್ಬರ ಗೀಟು ಒಂದೊಂದು ಕಡೆ. ಈ ಹಾಳೆಯಲ್ಲಿ ಎಲ್ಲಾ ಗೀಟೂ ನನ್ನವೇ. ಇಪ್ಪತ್ತೆರಡು ಇವೆ.

ನಿನ್ನ ಹಾಡಲ್ಲಿ ಇಪ್ಪತ್ತೊಂದೇ ಉಸಿರು. ಆರು ಸಲ ಎಣಿಸಿದೆ. ಮಿಕ್ಕ ಕಡೆ ನನ್ನ ಉಸಿರು ತಿದಿ ಊದಿದಷ್ಟು ಜೋರಾಗಿ ಕೇಳಿಸುತ್ತೆ, ಅದೂ ನಿನ್ನ ಕಂಪ್ರೆಸರ್ ಕೃಪೆ ಇರಬೇಕು. ಕೊನೇ ಚರಣಕ್ಕೆ ಮುಂಚಿನ ಉಸಿರು ಮಾತ್ರ ಇಲ್ಲ. ಕತ್ತರಿಸಿದ್ದೀಯ. ಅಷ್ಟು ದೊಡ್ಡ ಸಾಲನ್ನ ಉಸಿರೇ ಇಲ್ಲದೆ ಹೆಣ ಹಾಡುತ್ತಾ?

ಅದೊಂದನ್ನೇ ಯಾಕೆ ಕತ್ತರಿಸಿದೆ? ಅಲ್ಲಿ ಏನಿತ್ತು?

ಉತ್ತರಕ್ಕೆ ಕಾಯ್ತಿರೋ,
ಅಮ್ಮ


ಫೆಬ್ರವರಿ ೨೭

ಅಮ್ಮಾ,

ಅಲ್ಲಿ ಕುರ್ಚಿ ಕಿರುಗುಟ್ಟಿದ ಸದ್ದು ಬಂದಿತ್ತು. ಉಸಿರಿನ ಮೇಲೇ ಬಿದ್ದಿತ್ತು, ಬೇರೆ ಮಾಡೋಕೆ ಆಗಲಿಲ್ಲ, ತೆಗೆದೆ. ಎಲ್ಲರೂ ಹಾಗೇ ಮಾಡ್ತಾರೆ. ಒಂದು ಉಸಿರಿಗೆ ಇಷ್ಟು ರಾದ್ಧಾಂತ ಬೇಡ.

ದಿನ ಓಡ್ತಿದೆ. ಒಪ್ಪಿಗೆ ಅಂತ ಒಂದು ಸಾಲು ಬರೆದು ಕಳಿಸು, ಸಾಕು.

ಮಗಳು


ಮಾರ್ಚ್ ೬

ಮಗಳೇ,

ಆ ಕೋಣೆಯಲ್ಲಿ ಕುರ್ಚಿ ಇರಲಿಲ್ಲ.

ಬೆಳಿಗ್ಗೆ ನಾನು ಒಳಗೆ ಬಂದಾಗ ಒಂದು ಇತ್ತು. ಕಿರುಗುಟ್ಟುತ್ತೆ ಅಂತ ನೀನೇ ಕೈಯಾರೆ ಎತ್ತಿ ಹೊರಗಿಟ್ಟೆ. ಮಂಡಿ ನೋಯುತ್ತೆ ಕಣೇ ಅಂದಿದ್ದಕ್ಕೆ, "ನಿಂತು ಹಾಡಿದರೆ ಉಸಿರು ಚೆನ್ನಾಗಿ ಬರುತ್ತೆ" ಅಂದೆ. ಐದು ಗಂಟೆ ನಿಂತೇ ಹಾಡಿದೆ ನಾನು. ಇಷ್ಟು ವರ್ಷ ಕಿವಿಯನ್ನೇ ನಂಬಿ ಬದುಕಿದೋಳ ಕಿವಿ ಮೇಲೆ ಹೂ ಇಡೋಕೆ ಬರ್ತೀಯಲ್ಲ, ನಿನಗೆ ಎಷ್ಟು ಧೈರ್ಯ.

ನೆನ್ನೆ ಡಾಕ್ಟರ ಹತ್ತಿರ ಹೋಗಿದ್ದೆವು. ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ರಕ್ತ ಆರಿದೆ, ಆರಿದ ಕಡೆ ಗಾಯ ಗಟ್ಟಿಯಾಗಿದೆ. ಇನ್ನೊಂದು ತಿಂಗಳು ಸುಮ್ಮನಿರಬೇಕು. ಆಮೇಲೆ ಮಾತು ಬರುತ್ತಂತೆ. ಹಾಡು ಬರಲ್ಲ ಅಂದರು. ನಿಮ್ಮಪ್ಪ ಎರಡು ಸಲ ಕೇಳಿದರು, ಎರಡು ಸಲವೂ ಅದನ್ನೇ ಹೇಳಿದರು. ದಾರೀಲಿ ನಿಮ್ಮಪ್ಪ ನನ್ನ ಸ್ಲೇಟನ್ನ ತಾವೇ ಹಿಡ್ಕೊಂಡು ಬಂದರು, ಕನ್ನಡಕ ಹಾಕ್ಕೊಂಡೇ ಇದ್ದರು.

ಹಾಗಾಗಿ ಇನ್ನೊಂದು ಸಲ ಹಾಡಿ ಕೊಡೋ ಮಾತೇ ಇಲ್ಲ. ಇರೋದು ಅದೊಂದೇ. ಅದರಿಂದ ಏನು ಕಿತ್ತೆ ಅಂತ ಹೇಳು.

ಅಮ್ಮ


ಮಾರ್ಚ್ ೨೨

ಕಾಗದ ತಲುಪಿಲ್ಲವಾ? ನಾನು ಸುಮ್ಮನಿರೋದು ಡಾಕ್ಟರು ಹೇಳಿದ್ದಕ್ಕೆ. ನೀನು ಯಾಕೆ ಸುಮ್ಮನಿದ್ದೀಯ?

ಅಮ್ಮ


ಮಾರ್ಚ್ ೨೯

ಅಮ್ಮಾ,

ಕುರ್ಚಿ ಇರಲಿಲ್ಲ. ಸುಳ್ಳು ಹೇಳಿದೆ. ಇನ್ನು ಮುಂದಿನದು ಇದ್ದದ್ದು ಇದ್ದ ಹಾಗೆ.

ಆ ದಿನ ನೀನು ಕೊನೇ ಚರಣ ನಾಲ್ಕು ಸಲ ಹಾಡಿದೆ. ನಾಲ್ಕು ಸಲವೂ ಹಿಂದೆ ಸರಿದೆ. ನನಗೆ ರೇಗಿತು. ಒಳಗೆ ಬಂದು ನಿನ್ನ ಹಿಮ್ಮಡಿ ಹಿಂದೆ ನೆಲಕ್ಕೆ ಟೇಪು ಅಂಟಿಸಿ, ಇದರಿಂದ ಆಚೆ ಹೋಗಬೇಡ ಅಂದೆ. ಐದನೇ ಸಲ ಶುರು ಮಾಡಿದೆವು. ನಿನ್ನ ಸಾಲಿಗೆ ಮುಂಚೆ ಕೊಳಲಿನ ತುಂಡು ನುಡೀತಿತ್ತು. ನಾನು ಗಾಜಿನ ಈಚೆಯಿಂದ ಮಾತಾಡೋ ಗುಂಡಿ ಒತ್ತಿ, "ಇದೊಂದೇ ಸಲ ಅಮ್ಮ, ಪೂರ್ತಿ ಬಿಟ್ಟು ಹಾಡು" ಅಂದೆ. ಆ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ನನ್ನ ಕಡೆಯ ಸ್ಪೀಕರ್ ತಾನಾಗೇ ತಗ್ಗುತ್ತೆ. ಅದನ್ನ ಮಾಡಿರೋದೇ ಹಾಗೆ. ನಾನು ಮಾತಾಡ್ತಿರುವಾಗ ನೀನು ಮೆಲ್ಲಗೆ ಏನಾದರೂ ಅಂದರೆ ನನಗೆ ಕೇಳಿಸಲ್ಲ. ಆದರೆ ರೆಕಾರ್ಡ್ ಆಗಿರುತ್ತೆ.

ಎರಡು ವಾರ ಆದ ಮೇಲೆ ಮಿಕ್ಸಿಂಗಿಗೆ ಕೂತೆ. ಕಂಪ್ರೆಸರ್ ಹಾಕಿ ದನಿ ಮೇಲೆತ್ತಿದಾಗ ಆ ಜಾಗದಲ್ಲಿ ಏನೋ ಗುಸುಗುಸು ಕೇಳಿಸ್ತು. ಬೇರೆ ವಾದ್ಯ ಎಲ್ಲಾ ನಿಲ್ಲಿಸಿ, ಇನ್ನೂ ಒತ್ತಿ, ಇನ್ನೂ ಮೇಲೆತ್ತಿದೆ. "ಸಾಕು ಕಣೇ, ಹರೀತಿದೆ" ಅಂದಿದ್ದೀಯ. ಅದರ ಬೆನ್ನಿಗೇ ಉಸಿರು ಎಳೆದಿದ್ದೀಯ. ಆಮೇಲೆ ಹಾಡಿದ್ದೀಯ.

ಹೆದರಿಕೆಯಾಗಿ ಕತ್ತರಿಸಿ ಹಾಕಿದೆ. ಮಾತಿಗೂ ಉಸಿರಿಗೂ ಮಧ್ಯೆ ಸಂದಿರಲಿಲ್ಲ, ಉಸಿರೂ ಹೋಯ್ತು. ನೀನು ಗೀಟು ಎಣಿಸ್ತೀಯ ಅಂತ ನನಗೇನು ಗೊತ್ತು.

ಈಗ ನನ್ನ ಕೋಪವನ್ನೂ ಕೇಳು, ನೀನೊಬ್ಬಳೇ ಗುತ್ತಿಗೆ ತಗೊಂಡಿಲ್ಲ. ಅಡುಗೆಮನೆಯಿಂದ ನೀನು ಕೂಗಿದರೆ ಬೀದಿ ಕೊನೇಲಿ ಆಡ್ತಿದ್ದ ನಾನು ಓಡಿ ಬರ್ತಿದ್ದೆ. ಅಂಥ ಗಂಟಲು ಇಟ್ಟುಕೊಂಡು ಸಾಕು ಅನ್ನೋದನ್ನ ಮಾತ್ರ ಯಾಕೆ ಆ ಥರ ಹೇಳಿದೆ? ಯಾವತ್ತೂ ಹಾಗೇ ನೀನು. ನನಗೆ ಸುಸ್ತಾಗಿದೆ, ನಾನೂ ಬರ್ತಿದ್ದೆ, ನನಗೂ ಒಂದು ಇಡಬಹುದಿತ್ತು, ಇವನ್ನೆಲ್ಲ ಪಾತ್ರೆ ಸದ್ದಿನ ಮರೆಯಲ್ಲಿ ಹೇಳ್ತೀಯ. ಆಮೇಲೆ ಮನೇಲಿ ಯಾರಿಗೂ ಕಿವಿಯಿಲ್ಲ ಅಂತ ವಾರಗಟ್ಟಲೆ ಮುಖ ಗಂಟು ಹಾಕ್ಕೊಂಡು ಓಡಾಡ್ತೀಯ. ಗಾಜಿನ ಆಚೆಯಿಂದ ಒಂದು ಕೈ ಎತ್ತಿದ್ದರೆ ಆಗಿಹೋಗ್ತಿತ್ತು. ನಾನು ನಿನ್ನನ್ನೇ ನೋಡ್ತಿದ್ದೆ. "ರೆಡಿನಾ?" ಅಂದಾಗ ನೀನು ತಲೆ ಆಡಿಸಿದೆ. ಈಗ ನಿನ್ನ ಗಂಟಲು ಕಿತ್ತೋಳು ನಾನು ಅಂತ ಬದುಕಿರೋ ತನಕ ಹೊತ್ತುಕೊಂಡು ತಿರುಗಬೇಕು. ಇದು ನ್ಯಾಯವಾ?

ಎರಡು ಹಾಡು ಕಳಿಸ್ತಿದ್ದೀನಿ. ಮೊದಲನೇದರಲ್ಲಿ ಕಂಪ್ರೆಸರ್ ಇಲ್ಲ. ನೀನು ಹಾಡಿದ ಹಾಗೇ ಇದೆ, ಉಸಿರು ವಾಪಸ್ ಇಟ್ಟಿದ್ದೀನಿ, ಆ ಮಾತು ಯಾರಿಗೂ ಕೇಳಿಸಲ್ಲ. ಎರಡನೇದರಲ್ಲಿ ಕಂಪ್ರೆಸರ್ ಇದೆ, ಏನನ್ನೂ ಕತ್ತರಿಸಿಲ್ಲ, ಕೇಳಿಸುತ್ತೆ. ಯಾವುದು ಹೋಗಬೇಕು ಅಂತ ನೀನೇ ಹೇಳು. ಸ್ವಲ್ಪ ಜೋರಾಗಿ ಹೇಳು.

ಮಗಳು


ಏಪ್ರಿಲ್ ೪

ಮೊಂಡಿ,

ಎರಡೂ ಕೇಳಿದೆ. ಮೊದಲು ಹೆಡ್‌ಫೋನಿನಲ್ಲಿ, ಆಮೇಲೆ ಅಡುಗೆಮನೇಲಿ ನಲ್ಲಿ ಬಿಟ್ಟು, ಪಾತ್ರೆ ತೊಳೀತಾ. ನಿಮ್ಮಪ್ಪ ನೀರು ಪೋಲು ಅಂತ ಗೊಣಗಿದರು. ನಲ್ಲಿ ವಿಷಯದಲ್ಲಿ ನೀನು ಹೇಳಿದ್ದು ನಿಜ. ಕಂಪ್ರೆಸರ್ ಇಲ್ಲದ್ದರಲ್ಲಿ ಮೊದಲ ಚರಣ ಒಂದು ಅಕ್ಷರವೂ ಕೇಳಿಸಲಿಲ್ಲ. ಇದನ್ನ ಒಪ್ಪಿಕೊಳ್ಳೋಕೆ ನನಗೆ ಹೊಟ್ಟೆ ಉರೀತಿದೆ, ಆದರೂ ಬರೀತಿದ್ದೀನಿ.

ಮೆಲ್ಲಗೆ ಯಾಕೆ ಹೇಳಿದೆ ಅಂತ ಕೇಳಿದೆಯಲ್ಲ. ಕೋರಸ್ಸಿನಲ್ಲಿ ಸಾಕು ಅಂದವಳನ್ನ ನಾಳೆ ಕರೆಯಲ್ಲ. ಅದಕ್ಕೇ ನಾವೆಲ್ಲ ಮೈಕಿಗೆ ಸಿಗದ ಹಾಗೆ ಮಾತಾಡೋದು ಕಲಿತೆವು. ಮುಖ ಸ್ವಲ್ಪ ಎಡಕ್ಕೆ ತಿರುಗಿರಬೇಕು, ತುಟಿ ಅಲ್ಲಾಡಬಾರದು. ಕಾಲು ಸೆಳೀತಿರೋದು, ಮನೇಲಿ ಮಗುವಿಗೆ ಜ್ವರ ಇರೋದು, ಎಲ್ಲಾ ಹಾಗೇ ಹೇಳ್ಕೊಂಡೆವು. ಜ್ವರ ಬಂದ ಆ ಮಗು ಎಷ್ಟೋ ಸಲ ನೀನೇ. ಅಭ್ಯಾಸ ಮನೆಗೂ ಬಂತು, ನಿಜ. ನಾನು ಗಮನಿಸಿರಲಿಲ್ಲ.

ಕೈ ಯಾಕೆ ಎತ್ತಲಿಲ್ಲ ಅಂದರೆ, ಹೆದರಿಕೆ. ಕೈ ಎತ್ತಿದರೆ ಈ ಹಾಡು ಬೇರೆಯವಳಿಗೆ ಹೋಗುತ್ತೆ ಅಂತ ಹೆದರಿದೆ. ಎದುರಿಗಿದ್ದದ್ದು ಮಗಳು ಅಂತ ಗೊತ್ತಿದ್ದೂ ಹೆದರಿದೆ. ಅದಕ್ಕೆ ನನ್ನ ಮೇಲೇ ನನಗೆ ಎಷ್ಟು ಸಿಟ್ಟು ಬರ್ತಿದೆ ಅಂದರೆ, ಬರೆಯೋಕೆ ಪೆನ್ನು ಸಾಲದು.

ನಿನ್ನ ಮೇಲಿನ ಸಿಟ್ಟೂ ಹೋಗಿಲ್ಲ, ಹೋಯ್ತು ಅಂತ ತಿಳ್ಕೋಬೇಡ. ಆ ದಿನ ಕೇಳಿಸಲಿಲ್ಲ ಅನ್ನೋದನ್ನ ಬಿಡ್ತೀನಿ. ಗುಂಡಿಯ ದೋಷ, ನನ್ನ ದೋಷ, ಏನೋ ಒಂದು. ಎರಡು ವಾರ ಆದ ಮೇಲೆ ಕೇಳಿಸ್ತಲ್ಲ. ಸ್ಪಷ್ಟವಾಗಿ ಕೇಳಿಸಿದ ಮೇಲೆ ಕತ್ತರಿ ಹಾಕಿದೆ. ಅದನ್ನ ಬಿಡಲ್ಲ.

ಈಗ ಜೋರಾಗಿ ಹೇಳ್ತೀನಿ, ಬರ್ಕೋ. ಮೊದಲ ಚರಣಕ್ಕೆ ನಿನ್ನ ಕಂಪ್ರೆಸರ್ ಹಾಕು. ಪಾತ್ರೆ ತೊಳೆಯೋಳಿಗೂ ಕೇಳಿಸಲಿ. ಕೊಳಲು ನುಡಿಯೋ ಜಾಗದಲ್ಲಿ ಇನ್ನೂ ಜಾಸ್ತಿ ಹಾಕು. ನಾನು ಸಾಕು ಅಂದದ್ದು ಇರಲಿ, ಬಸ್ಸಿನಲ್ಲಿ ನಿಂತವನಿಗೂ ಅರ್ಥ ಆಗೋಷ್ಟು ಮೇಲೆತ್ತು. ಇಪ್ಪತ್ತೆರಡನೇ ಉಸಿರೂ ಇರಲಿ. ಕೊನೇ ಚರಣ ಶುರುವಾದ ಕೂಡಲೇ ನಿನ್ನ ಗೆರೆ ಕಿತ್ತು ಬಿಸಾಕು. ಅದನ್ನ ಒತ್ತಬೇಡ. ಬೆಚ್ಚಿಬೀಳೋರು ಬೀಳಲಿ, ಆಫ್ ಮಾಡೋರು ಮಾಡಲಿ. ಇಷ್ಟು ವರ್ಷದಲ್ಲಿ ಮೈಕಿಗೆ ಸಿಕ್ಕಿಬಿದ್ದ ನನ್ನ ಸ್ವಂತ ಮಾತು ಆ ಸಾಕು ಅನ್ನೋದೊಂದೇ. ಅದಿಲ್ಲದ ಹಾಡು ಬೇಡ, ಬೇರೆಯವಳು ಹಾಡಿಕೊಳ್ಳಲಿ.

ಇದಕ್ಕೆ ಒಪ್ಪಿಗೆ.

ಅಮ್ಮ


ಏಪ್ರಿಲ್ ೧೧

ಅಮ್ಮಾ,

ಹಾಡು ಹೋಯ್ತು. ನೀನು ಬರ್ಕೋ ಅಂದ ಹಾಗೇ ಹೋಯ್ತು.

ನಿರ್ದೇಶಕರು ನೆನ್ನೆ ಬಂದು ಕೂತು ಕೇಳಿದರು. ಕೊಳಲಿನ ಜಾಗ ಬಂದಾಗ "ಅಲ್ಲೇನೋ ಕಸ ಇದೆ, ತೆಗೀರಿ" ಅಂದರು. ಕಸವಲ್ಲ, ಹಾಡಿದೋರ ಮಾತು, ತೆಗೆಯಲ್ಲ ಅಂದೆ. ತೆಗೆಯೋದಾದರೆ ಹಾಡಿನಿಂದ ನಮ್ಮಿಬ್ಬರ ಹೆಸರನ್ನೂ ತೆಗೀರಿ ಅಂದೆ. ಅವರು ಮುಖ ಸಿಂಡರಿಸಿಕೊಂಡು ತಿರುಗಿ ಹಾಕಿಸಿದರು. ಈ ಸಲ ಮಾತು ತಿಳೀತು ಅಂತ ಕಾಣುತ್ತೆ. ಕೊನೇ ಚರಣ ಮುಗಿಯೋ ತನಕ ಅಲ್ಲಾಡಲಿಲ್ಲ. ಆಮೇಲೆ, "ಆ ದಿನ ಈ ಕಡೆ ಯಾರು ಕೂತಿದ್ದರು? ಹಾಡ್ತಿದ್ದೋರನ್ನ ಯಾಕೆ ನಿಲ್ಲಿಸಲಿಲ್ಲ?" ಅಂತ ಕೇಳಿದರು.

ನಾನೇ ಕೂತಿದ್ದೆ ಅಂದೆ. ಅವರು ಎದ್ದರು. ಹೋಗುವಾಗ ಬಾಗಿಲನ್ನ ತುಂಬಾ ಮೆಲ್ಲಗೆ ಹಾಕ್ಕೊಂಡು ಹೋದರು. ಯಾರ ಮೇಲೆ ಅಂತ ಗೊತ್ತಿಲ್ಲದೆ ನನಗೆ ನೆನ್ನೆ ಪೂರ್ತಿ ಸಿಟ್ಟಿತ್ತು. ಸ್ಟುಡಿಯೋದ ನೆಲದ ಮೇಲೆ ನಾನು ಅಂಟಿಸಿದ್ದ ಟೇಪು ಹಾಗೇ ಇತ್ತು, ಉಗುರಿಂದ ಕೆರೆದು ಕಿತ್ತೆ. ಅಂಟು ಇನ್ನೂ ಉಳಿದಿದೆ.

ಸೋಮವಾರದಿಂದ ನೀನು ದಿನಕ್ಕೆ ಐದು ನಿಮಿಷ ಮಾತಾಡಬಹುದಂತೆ, ಅಪ್ಪ ಹೇಳಿದರು. ನಾನು ಭಾನುವಾರವೇ ಬರ್ತೀನಿ. ಮೊದಲ ಐದು ನಿಮಿಷ ಅಪ್ಪನಿಗೂ ಕೊಡಬೇಡ, ಪಕ್ಕದ ಮನೆ ಟೀಚರಿಗೂ ಕೊಡಬೇಡ, ನನಗೆ ಇಡು. ಮೂರು ತಿಂಗಳಿಂದ ಸೇರಿಸಿಟ್ಟಿದ್ದೆಲ್ಲ ಬೈದು ಮುಗಿಸು. ಡಾಕ್ಟರು ಜೋರು ಮಾಡಬೇಡಿ ಅಂದಿದ್ದಾರಂತೆ. ಮೆಲ್ಲಗೇ ಬೈ. ಪಕ್ಕದಲ್ಲೇ ಕೂತಿರ್ತೀನಿ.

ನಿನ್ನ ಮೊಂಡಿ